ಫೋಟೋದಲ್ಲಿರೋ ಹುಡ್ಗಿನ ಕರೀರಿ

ಗುಡೇಮಾರನಹಳ್ಳಿ, ಮಾಗಡಿ ತಾಲ್ಲೂಕು
ಭಾನುವಾರ, 16-11-2025

ಮಗ ದೇವರಾಜಂಗೆ, ನಿನ್ನವ್ವ ಮನೆದೇವ್ರನ್ನ ನೆನೆದು ಬರೀತಿರೋ ಕಾಗದ.

ಮೊದ್ಲು ನಿನ್ನ ಮೈ ಹೆಂಗೈತೆ ಅಂತ ಹೇಳು. ಮಸ್ಕತ್ತಲ್ಲಿ ಬಿಸ್ಲು ಒಸಿ ಇಳೀತಾ? ಏಸಿ ರಿಪೇರಿ ಅಂತ ತಾರಸಿ ಹತ್ತುವಾಗ ತಲೆಗೆ ಬಟ್ಟೆ ಕಟ್ಕೋ. ಹೊಟ್ಟೆ ಉರೀತದೆ ಅಂತಿದ್ದೆ, ಮಜ್ಜಿಗೆ ಕುಡಿ, ಹೋಟ್ಲು ಖಾರ ಬುಡು. ನಾನು ಚೆನ್ನಾಗಿವ್ನಿ. ಮಂಡಿ ನೋವು ಇದ್ದೇ ಐತೆ, ಅದು ನನ್ನ ಜೊತೇಲೇ ಹೋಗೋ ನೆಂಟ. ರಾಗಿ ತೆನೆ ಬಲ್ತೈತೆ, ಮುಂದಿನ ವಾರ ಕುಯ್ಲಿಗೆ ಆಳು ಹೇಳಿವ್ನಿ. ಫೋನಲ್ಲಿ ಹೇಳಾದು ಬುಟ್ಟು ಈ ಮುದುಕಿ ಯಾಕೆ ಕಾಗದ ಬರೀತಾವ್ಳೆ ಅನ್ಬೇಡ. ಫೋನಲ್ಲಿ ಬೈದ್ರೆ ನೀನು ನಗ್ತೀಯ, ಇಲ್ಲ ಲೈನ್ ಕಟ್ ಆಯ್ತದೆ. ನಂಗೆ ಪೂರ್ತಿ ಬೈಬೇಕು. ಏಳನೇ ಕ್ಲಾಸು ಓದಿದ್ದು ಇವತ್ತು ಉಪಯೋಗಕ್ಕೆ ಬರ್ಲಿ. ನಿನ್ನ ಜೊತೆ ಕೆಲ್ಸ ಮಾಡೋ ರಸೂಲ ರಜಾ ಮುಗ್ಸಿ ವಾಪಸ್ ಬತ್ತಾವ್ನಲ್ಲ, ಅವನ ಕೈಲಿ ಕೊಟ್ಟು ಕಳಿಸ್ತೀನಿ.

"ನಯನಾ ಯಾಕವ್ವ ನನ್ನ ಫೋನು ಎತ್ತಲ್ಲ" ಅಂತ ಹೋದ ವಾರದಿಂದ ಕೇಳ್ತಾನೇ ಇದ್ದೀಯ. ನಾನು ಡ್ಯೂಟಿಲಿ ಅವ್ಳೆ, ಮಲಗವ್ಳೆ, ಸ್ನಾನಕ್ಕೆ ಹೋಗವ್ಳೆ ಅಂತ ಸುಳ್ಳು ಹೇಳಿ ಹೇಳಿ ಸಾಕಾಯ್ತು. ನಿಮ್ಮಣ್ಣ ಸತ್ತಾಗ ಆ ಮಗು ಮೂರನೇ ಕ್ಲಾಸು. ಅವತ್ತಿಂದ ಅವಳಿಗೆ ಅಪ್ಪ ಅಂದ್ರೂ ನೀನೇ, ಚಿಕ್ಕಪ್ಪ ಅಂದ್ರೂ ನೀನೇ. ಹೆಗಲ ಮೇಲೆ ಕೂರಿಸ್ಕೊಂಡು ಇಸ್ಕೂಲಿಗೆ ಬುಟ್ಟು ಬತ್ತಿದ್ದೋನು ನೀನು. ಅಂಥೋಳು ನಿನ್ನ ಹೆಸರು ಬಂದ್ರೆ ಎದ್ದು ಒಳೀಕೆ ಹೋಯ್ತಾಳೆ. ನಂಗೆ ಇದು ನೋಡಕ್ಕಾಗ್ತಿಲ್ಲ ಕಣ್ಲಾ. ಅದ್ಕೇ ಆಗಿದ್ದನ್ನ ಮೊದಲಿಂದ ಬರೀತೀನಿ.

ಎಲ್ಲಾ ಶುರುವಾಗಿದ್ದು ನೀನು ರಸೂಲನ ಕೈಲಿ ಕಳಿಸಿದ ಆ ಮೂರು ಕಣ್ಣಿನ ಫೋನಿಂದ. ಅದ್ರ ಮೊಕ ಮುಚ್ಚ! ಶಿವಂಗೂ ಮೂರೇ ಕಣ್ಣು, ಅವನು ಇದ್ದಿದ್ದನ್ನ ಇದ್ದಂಗೆ ನೋಡ್ತಾನೆ. ಇದಕ್ಕೆ ಹಂಗೆ ನೋಡಿದ್ರೆ ತಿಂದಿದ್ದು ಅರಗಾಕಿಲ್ಲ. ರಾಗಿ ಹೊಲ ತೆಗೆದ್ರೆ ಬೆಂಗಳೂರು ಪಾರ್ಕಿನ ಹುಲ್ಲಂಗೆ ಹಸ್ರು ಬಳೀತದೆ, ತೆನೆ ಕಂದಾಗಿರೋದೇ ಕಾಣಾಕಿಲ್ಲ. ಒಸಿ ಹತ್ರ ಎಳೆದು ನೋಡಿದ್ರೆ ಎಲೆ ಯಾವ್ದು ತೆನೆ ಯಾವ್ದು, ಎಲ್ಲಾ ಅಂಬ್ಲಿ. ಮುಸ್ಸಂಜೇಲಿ ಕೊಟ್ಟಿಗೇಲಿ ಕರ ಕಟ್ಟೋದನ್ನ ತೆಗೆದ್ರೆ ಮಟಮಟ ಮಧ್ಯಾಹ್ನ. ನನ್ನ ಹಣೆ ಮೇಲೆ ಹಚ್ಚೆ ಐತಲ್ಲ, ಮದುವೆಗೆ ಮುಂಚೆ ನಮ್ಮವ್ವ ಕೊರವಂಜಿ ಕೈಲಿ ಹುಯ್ಸಿದ್ದು, ನಾನು ಕಿರುಚಿ ಕಿರುಚಿ ಹುಯ್ಸ್ಕೊಂಡಿದ್ದು, ಅದನ್ನ ಕೊಳೆ ಅಂದ್ಕೊಂಡು ಒರೆಸ್ಬುಟ್ಟೈತೆ. ಕೆನ್ನೆ ಸುಕ್ಕಿಗೆ ಇಸ್ತ್ರಿ ಹಾಕೈತೆ. ಯಾರೋ ಬೋಳು ಹಣೆ ಹೆಂಗಸು ನನ್ನ ಸೀರೆ ಉಟ್ಕೊಂಡು ಕುಂತಂಗೈತೆ. ಪಕ್ಕದ ಮನೆ ಸೊಸೆ ರಮ್ಯಾ ಅದೇನೋ ಬ್ಯೂಟಿ ಅನ್ನೋದನ್ನ ಆಫ್ ಮಾಡಿದ್ಲು. ಆಫ್ ಮಾಡಿದ್ರೂ ಅದು ತನ್ನ ಪಾಡಿಗೆ ಸುಣ್ಣ ಬಳೀತಾನೇ ಐತೆ. ಯಾವನು ಕೇಳಿದ್ದ ಅದನ್ನ? ಮನುಷ್ಯ ಹಿಂಗೆ ಮೊಕದ ಮೇಲೆ ಸುಳ್ಳು ಹೇಳಿದ್ರೆ ಪಂಚಾಯ್ತಿ ಸೇರಿಸ್ತಾರೆ, ಫೋನು ಹೇಳಿದ್ರೆ ಅದನ್ನ ಟೆಕ್ನಾಲಜಿ ಅಂತೀರ.

ಆ ದರಿದ್ರದ ಫೋನಲ್ಲೇ ನಯನನ ಫೋಟೋ ತೆಗೆದು, ಸಂಬಂಧ ಕುದುರ್ಸೋ ಮಾರಕ್ಕನ ಕೈಲಿ ಗಂಡಿನ ಕಡೆಗೆ ಕಳಿಸಿದ್ದು ನಿಂಗೂ ಗೊತ್ತು. ಹುಡುಗ ಮಹೇಂದ್ರ ಅಂತ, ಕನಕಪುರದ ಕಡೆಯೋನು, ಹಾರೋಹಳ್ಳಿ ಫ್ಯಾಕ್ಟ್ರೀಲಿ ಕೆಲ್ಸ. ಹೋದ ಭಾನುವಾರ ಒಂದು ಕಾರು ತುಂಬ ಬಂದ್ರು. ನಿಮ್ಮತ್ತಿಗೆ ಬೆಳಿಗ್ಗೆಯಿಂದ ಉಪ್ಪಿಟ್ಟು, ಕೇಸರಿಬಾತು ಅಂತ ಒದ್ದಾಡಿ, ಹೊಸಾ ಚಾಪೆ ಹಾಸಿದ್ಲು. ನಯನಾ ಕಾಫಿ ತಟ್ಟೆ ಹಿಡ್ಕೊಂಡು ಬಂದ್ಲು, ನೀಲಿ ರೇಷ್ಮೆ ಸೀರೆ, ತಲೆ ತುಂಬ ಹೂವ, ನನ್ನ ಕಣ್ಣೇ ತಾಕೋ ಹಂಗಿದ್ಲು. ಹುಡುಗನ ಸೋದರತ್ತೆ ಒಬ್ಳು ಬಂದಿದ್ಲು, ಮೊಕದಲ್ಲಿ ಉಪ್ಪಿನಕಾಯಿ ಹಾಕ್ಕೊಂಡಂಗೆ ಇದ್ಲು. ಕಾಫಿ ತಗೊಂಡೋಳು ಫೋನು ನೋಡಿದ್ಲು, ಹುಡ್ಗಿನ ನೋಡಿದ್ಲು, ಮತ್ತೆ ಫೋನು ನೋಡಿದ್ಲು. ಆಮೇಲೆ ಎದ್ದು ಆ ಫೋನನ್ನ ನಮ್ಮ ಮಗೀನ ಕೆನ್ನೆ ಪಕ್ಕಕ್ಕೇ ಹಿಡಿದು, "ಇವ್ಳು ಇರ್ಲಿ, ಫೋಟೋದಲ್ಲಿರೋ ಹುಡ್ಗಿನ ಕರೀರಿ" ಅಂದ್ಲು.

ಇವ್ಳೇ ಕಣಮ್ಮ ಅವ್ಳು ಅಂದ್ರೆ ನಂಬಲ್ಲ. ಜೊತೇಲಿ ಬಂದಿದ್ದ ಯಜಮಾನ ಒಬ್ಬ, "ಒಬ್ಳನ್ನ ತೋರ್ಸಿ ಇನ್ನೊಬ್ಳನ್ನ ಧಾರೆ ಎರೆಯೋರನ್ನ ನಾವೂ ಕಂಡಿದ್ದೀವಿ" ಅಂದ. ನಮ್ಮ ಮನೆ ಚಾಪೆ ಮೇಲೆ ಕುಂತ್ಕೊಂಡು, ನಮ್ಮ ಉಪ್ಪಿಟ್ಟು ಬಾಯಲ್ಲಿಟ್ಕೊಂಡು! ಅಷ್ಟರಲ್ಲಿ ಆ ಸೋದರತ್ತೆ ಸೀದಾ ಅಡಿಗೆ ಮನೆಗೇ ನುಗ್ಗಿದ್ಲು. ಒಳಗೆ ರಮ್ಯಾ ಲೋಟ ತೊಳೀತಿದ್ಲು. ಅವ್ಳು ಒಸಿ ಕೆಂಪಗೆ ಅವ್ಳಲ್ಲ, "ಸಿಕ್ಕಿದ್ಲು, ಇವ್ಳೇ ಫೋಟೋದೋಳು" ಅಂತ ಕೈ ಹಿಡ್ಕೊಂಡು ನಡುಮನೆಗೆ ಎಳ್ಕೊಂಡು ಬಂದ್ಲು. ರಮ್ಯನ ಸೊಂಟದಲ್ಲಿ ಕೂಸು, ಕತ್ತಲ್ಲಿ ತಾಳಿ. ಹುಡುಗ ಎದ್ದು ನಿಂತ್ಕೊಂಡ. ನಿಮ್ಮತ್ತಿಗೆ ಸೆರಗು ಬಾಯಿಗೆ ತುರುಕ್ಕೊಂಡು ಅಳಕ್ಕೆ ಶುರು ಮಾಡಿದ್ಲು.

ನಂಗೆ ಎಲ್ಲಿತ್ತೋ ರೋಸ, ಬಂದ್ಬುಡ್ತು. ತನ್ನ ಎಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದ ಎಲೆ ನೊಣ ಹುಡುಕಿದ್ರಂತೆ. ನಮ್ಮ ಫೋನು ತಗೊಂಡೆ, ಅವರು ಕಳಿಸಿದ್ದ ಹುಡುಗನ ಫೋಟೋ ತೆಗೆಸ್ದೆ, ಅವನ ಕೆನ್ನೆ ಪಕ್ಕಕ್ಕೆ ಹಿಡ್ದೆ. ಫೋಟೋದಲ್ಲಿ ಬೆಣ್ಣೆ ಮುದ್ದೆ. ಇಲ್ಲಿ ನೋಡಿದ್ರೆ ಕೆನ್ನೆ ತುಂಬ ಮೊಡವೆ ಕುಳಿ, ಹುಬ್ಬಿನ ಮೇಲೆ ಹೊಲಿಗೆ ಗುರ್ತು, ಮುಂದಲೆ ಬಯಲು. "ಈಗ ನೀವು ಫೋಟೋದಲ್ಲಿರೋ ಹುಡುಗನ್ನ ಕರ್ಸಿ, ಕಾರಲ್ಲಿ ಕುಂತವ್ನಾ?" ಅಂದೆ. ಪಾಪ, ಆ ಹುಡುಗಂದು ಏನೂ ತಪ್ಪಿಲ್ಲ. "ಅಜ್ಜಿ, ನಮ್ಮ ಫೋನೂ ಅಂಥದ್ದೇ" ಅಂತ ಮೆಲ್ಲಗೆ ಅಂದ. ಸೋದರತ್ತೆ ಅವನ ತೋಳು ಹಿಡ್ದು ಎಳ್ಕೊಂಡು ಹೋದ್ಲು. ಕೇಸರಿಬಾತು ಯಾರೂ ಮುಟ್ಲಿಲ್ಲ, ಎಲ್ಡು ದಿನ ನಾವೇ ತಿಂದ್ವಿ.

ಆಮೇಲಿನ ಕತೆ ಕೇಳು. ಮಾರಕ್ಕ ಮಾಗಡಿ ತುಂಬ ಸಾರ್ಕೊಂಡು ಬಂದವ್ಳೆ, ಆ ಮನೇಲಿ ಹುಡ್ಗಿ ಬದಲಾಯಿಸ್ತಾರೆ ಅಂತ. ಮಾಡಿದ್ದು ಫೋನು, ಮಾನ ಹೋಗಿದ್ದು ನಮ್ಮದು. ನಯನಾ ಕೆಲ್ಸ ಮಾಡೋ ಲ್ಯಾಬಲ್ಲೂ ಯಾರೋ ಕೇಳಿದ್ರಂತೆ, "ನಿಮ್ಮ ಅಕ್ಕ ತುಂಬ ಬೆಳ್ಳಗೆ ಅವ್ಳಂತೆ, ಹೌದಾ" ಅಂತ. ಒಬ್ಬಳೇ ಮಗಳಿಗೆ ಎಲ್ಲಿಂದ ಅಕ್ಕ ಬತ್ತಾಳೆ? ಆ ಹುಡ್ಗಿ ಅಳಲೂ ಇಲ್ಲ, ಬೈಯಲೂ ಇಲ್ಲ. ಬಸ್ಸಿಗೆ ಹೋಯ್ತಾಳೆ, ಬತ್ತಾಳೆ, ಉಣ್ತಾಳೆ, ಮಲಗ್ತಾಳೆ. ನಿಮ್ಮತ್ತಿಗೆ ಮಾತ್ರ ಆ ಸುಳ್ಳು ಫೋಟೋನ ಇನ್ನೂ ಅಳಿಸಿಲ್ಲ. "ಎಷ್ಟು ಲಕ್ಷಣವಾಗವ್ಳೆ ನೋಡತ್ತೆ" ಅಂತ ನಂಗೇ ತೋರಿಸ್ತಾಳೆ. ಹೆತ್ತೋಳು ಪಕ್ಕದಲ್ಲಿ ಕುಂತಿರೋ ಮಗಳನ್ನ ಬುಟ್ಟು ಫೋನಲ್ಲಿರೋಳನ್ನ ನೋಡೋ ಕಾಲ ಬಂತಲ್ಲಪ್ಪ, ನನ್ನ ಹೊಟ್ಟೆ ಉರೀತದೆ. ಫೋನನ್ನ ರಸೂಲಂಗೇ ವಾಪಸ್ ಕೊಡ್ತಾ ಇವ್ನಿ. ಅಲ್ಲಿ ಅಂಗ್ಡಿಯೋನಿಗೆ ಕೊಡು, ಇಲ್ಲ ಸಮುದ್ರಕ್ಕೆ ಎಸಿ.

ಹೊತ್ತೊತ್ತಿಗೆ ಉಣ್ಣು. ಬಿಸ್ಲಲ್ಲಿ ತಿರುಗ್ಬೇಡ. ನಿಮ್ಮಪ್ಪನ ಎಡೆ ದಿನ ಮರೀದೆ ಒಂದು ದೀಪ ಹಚ್ಚು. ರಂಗನಾಥ ನಿನ್ನನ್ನ ತಣ್ಣಗೆ ಇಟ್ಟಿರ್ಲಿ.

ಇಂತಿ,
ಬೈದ್ರೂ ನಿನ್ನನ್ನೇ ನೆನೀತಿರೋ ನಿನ್ನವ್ವ
ದೊಡ್ಡಲಕ್ಷ್ಮಮ್ಮ

ವಿ.ಸೂ: ರಸೂಲ ಬಂದು ಬೈಕ್ ಮೇಲೇ ಕುಂತವ್ನೆ, ಹೊತ್ತಾಯ್ತು ಅಂತಾವ್ನೆ. ಬೇಗ ಬರ್ದುಬುಡ್ತೀನಿ. ಮೇಲೆ ಬರೆದಿದ್ದೆಲ್ಲಾ ನಿಜ, ಆದ್ರೆ ನಯನಾ ನಿನ್ನ ಫೋನು ಎತ್ತದೇ ಇರೋದು ಅದಕ್ಕಲ್ಲ. ಇವತ್ತು ಬೆಳಿಗ್ಗೆ ಅವ್ಳ ತಲೆ ಬಾಚ್ತಾ ಕೇಳ್ದೆ, ಹೇಳಿದ್ಲು; ನಿಂಗೆ ಬರೆಯಕ್ಕೆ ಮನ್ಸು ಬರ್ದೆ ಇಷ್ಟೊತ್ತು ತಳ್ದೆ. ಮಾರಕ್ಕಂಗೆ ಕಳಿಸೋಕೆ ಮುಂಚೆ ಎಲ್ಡು ಫೋಟೋ ನಿಂಗೆ ಕಳಿಸಿದ್ವಲ್ಲ, ಒಂದು ಅವ್ಳ ಹಳೇ ಫೋನಿಂದು, ಒಂದು ಹೊಸದ್ರದ್ದು. ಹಳೇದ್ರಲ್ಲಿ ಅವ್ಳು ಅವ್ಳಂಗೇ ಇದ್ಲು. ನೀನು ನೋಡ್ಬುಟ್ಟು, "ಅದು ಬ್ಯಾಡ ಕಣವ್ವ, ಅದ್ರಲ್ಲಿ ನಮ್ಮ ಬಣ್ಣ ಬಂದ್ಬುಟ್ಟೈತೆ, ಬೆಳ್ಳಗಿರೋದನ್ನೇ ಕಳ್ಸಿ" ಅಂದೆ. ಸ್ಪೀಕರ್ ಹಾಕಿದ್ವಿ. ಅವ್ಳು ಬಾಗ್ಲಲ್ಲೇ ನಿಂತಿದ್ಲು. ಕನಕಪುರದೋರು ಅವ್ಳನ್ನ ಒಲ್ಲೆ ಅಂದಿದ್ದು ಎಲ್ಡನೇ ಸಲ ಕಣ್ಲಾ. ಮೊದ್ಲು ಒಲ್ಲೆ ಅಂದೋನು ನೀನು.