ಹೊಳೆಗೆ ಕೊಟ್ಟ ಮಡಿಲಕ್ಕಿ

ನಂಜನಗೂಡು
ಶನಿವಾರ, ೧೦–೮–೨೦೨೪

ಮಗಳು ಪವಿತ್ರಳಿಗೆ ಅಮ್ಮನ ತುಂಬು ಮನಸ್ಸಿನ ಆಶೀರ್ವಾದ.

ನಾನು, ನಿಮ್ಮಪ್ಪ ಇಬ್ಬರೂ ಕ್ಷೇಮ. ಮನೆ ಮಾತ್ರ ಇನ್ನೂ ಒದ್ದೆ. ನೀನೂ ಅಳಿಯಂದಿರು ಅಮೃತೇಶ್ ಅವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನೀರು ಏರಿದಾಗ ನೀನು ದಿನಾ ಫೋನ್ ಮಾಡಿ ಹುಷಾರಾಗಿದ್ದೀರಾ ಎಂದು ಕೇಳಿದೆ, ನಾನು ಹೂಂ ಎಂದೆ, ಅಷ್ಟೇ. ಫೋನಿನಲ್ಲಿ ನಮ್ಮಿಬ್ಬರ ಮಾತು ಈಗ ಅಷ್ಟಕ್ಕೇ ನಿಂತುಬಿಡುತ್ತದೆ. ಹೋದ ಗೌರಿ ಹಬ್ಬಕ್ಕೆ ಬಂದು ಹೋದವಳು ಮತ್ತೆ ಈ ಹೊಸ್ತಿಲು ತುಳಿದಿಲ್ಲ. ನರಸೀಪುರವೇನು ಸಮುದ್ರದ ಆಚೆ ಇದೆಯೇ? ಕಾಗದ ಬರೆಯೋಣ ಎಂದುಕೊಂಡು ಎಷ್ಟೋ ಸಲ ಪೆನ್ನು ಹಿಡಿದು ಕೆಳಗಿಟ್ಟೆ. ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ.

ಮೊದಲು ಪ್ರಳಯದ ಸುದ್ದಿ. ಮೊಬೈಲಿನಲ್ಲಿ ಬರುವ ಯಾರೋ ಒಬ್ಬ ಸ್ವಾಮಿ, ಭೀಮನ ಅಮಾವಾಸ್ಯೆಯ ದಿನ ನಂಜನಗೂಡಿನಿಂದ ಸಂಗಮದವರೆಗೆ ಒಂದು ಹುಲ್ಲುಕಡ್ಡಿಯೂ ಉಳಿಯುವುದಿಲ್ಲ ಎಂದು ಹೇಳಿದ್ದನಂತೆ. ಪಕ್ಕದ ಮನೆ ಕೆಂಪಾಜಮ್ಮ ಅದನ್ನು ಎಷ್ಟು ನಂಬಿದಳೆಂದರೆ, ಬೇಸಿಗೆಯಲ್ಲಿ ಹಾಕಿ ಡಬ್ಬ ತುಂಬಿಟ್ಟಿದ್ದ ಹಪ್ಪಳ ಸಂಡಿಗೆಯನ್ನೆಲ್ಲ ಒಂದೇ ದಿನ ಕರಿದು ಬೀದಿಗೆ ಹಂಚಿದಳು. ‘ಇದೇನೇ ಇದು’ ಎಂದರೆ, ‘ಪ್ರಳಯ ಆದ್ಮೇಕೆ ಅಪ್ಪಳ ಯಾರ್ಗೆ ಅಂತ ಮಡಗಾನಕ್ಕ? ತಿನ್ನಿ, ಗರಿಗರಿಯಾಗಿ ಅವೆ’ ಎಂದಳು. ನಾವೂ ತಿಂದೆವು. ಈಗ ಅಮಾವಾಸ್ಯೆ ಕಳೆದು ವಾರವಾಗುತ್ತ ಬಂತು, ಅವಳು ಮತ್ತೆ ಹಪ್ಪಳ ಹಾಕಲು ಆಕಾಶ ನೋಡುತ್ತ ಬಿಸಿಲಿಗೆ ಕಾಯುತ್ತಿದ್ದಾಳೆ.

ನೀನು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಹಬ್ಬಕ್ಕೆ ಬಂದಾಗ ಇಂಥ ಸ್ವಾಮಿಗಳ ಮಾತಿಗೆ ನೀನೂ ನಕ್ಕಿದ್ದೆ. ಆಮೇಲೆ ನಗು ನಿಲ್ಲಿಸಿ, ‘ಇವರು ಹೇಳೋದು ಸುಳ್ಳಮ್ಮ. ಆದ್ರೆ ಬಿಸಿಲು ವರ್ಷವರ್ಷ ಏರ್ತಿರೋದು ಸುಳ್ಳಲ್ಲ’ ಎಂದೆ. ಆವತ್ತು ಆ ಮಾತು ನನ್ನ ತಲೆಗೆ ಹೋಗಲಿಲ್ಲ. ಈ ವರ್ಷ ತಲೆಗೆ ಹೋಯಿತು. ಯುಗಾದಿಯ ಹೊತ್ತಿಗೆ ನಮ್ಮ ಹಣ್ಣುಕಾಯಿ ಅಂಗಡಿಯಲ್ಲಿ ಇಟ್ಟ ತೆಂಗಿನಕಾಯಿಗಳು ಬಿಸಿಲಿಗೆ ತಾವಾಗಿಯೇ ಬಿರುಕು ಬಿಟ್ಟವು. ಬಿರಿದ ಕಾಯಿ ದೇವರಿಗೆ ಆಗದು, ದಿನಾ ಚಟ್ನಿಯೇ. ಸ್ನಾನಘಟ್ಟದ ಕೆಳಗೆ ನಾನು ಈ ಊರಿಗೆ ಬಂದಾಗಿನಿಂದ ನೋಡದ ಬಂಡೆಗಳು ಬೆನ್ನು ತೋರಿಸಿ ಮಲಗಿದ್ದವು. ನಿಮ್ಮಪ್ಪ ಪಂಚೆ ಎತ್ತಿ ಕಟ್ಟಿ ಹೊಳೆಯನ್ನು ನಡೆದೇ ದಾಟಿ ಬಂದು, ‘ಕಪಿಲೆ ಕತೆ ಮುಗೀತು ಕಣಮ್ಮಿ’ ಎಂದರು.

ಅದೇ ಕಪಿಲೆ ಆಷಾಢದಲ್ಲಿ ಹೇಗೆ ಬಂದಳು ಎಂದು ಬರೆಯಲು ನನಗೆ ಮಾತು ಸಾಲದು. ನಮ್ಮಲ್ಲಿ ಆಗ ಒಂದು ಹನಿ ಮಳೆಯಿಲ್ಲ. ಮಳೆಯೆಲ್ಲ ಮೇಲೆ, ಕೇರಳದ ಬೆಟ್ಟಗಳಲ್ಲಿ. ಇಲ್ಲಿ ಬಿಸಿಲು ಕಾಯುತ್ತಿದೆ, ಹಗ್ಗದ ಮೇಲೆ ಬಟ್ಟೆ ಒಣಗುತ್ತಿದೆ, ಹೊಳೆ ಏರುತ್ತಿದೆ. ಅಬ್ಬರವಿಲ್ಲ, ಗದ್ದಲವಿಲ್ಲ. ಹದಿನಾರು ಕಾಲಿನ ಮಂಟಪದ ಕಂಬಗಳು ಒಳಗೆ ಹೋದವು, ಆಮೇಲೆ ತಲೆಯೂ ಹೋಯಿತು. ಬಿದಿರಿನ ಒಂದು ಇಡೀ ಮೆಳೆ ಬುಡಸಮೇತ ಕಿತ್ತುಕೊಂಡು, ನಿಂತ ಹಾಗೆಯೇ, ಎಲೆ ಅಲ್ಲಾಡಿಸುತ್ತ ನಮ್ಮ ಮುಂದೆ ಹಾದು ಹೋಯಿತು. ದಡದಲ್ಲಿ ಜಾತ್ರೆಯಷ್ಟು ಜನ. ವಿಡಿಯೋ ಹಿಡಿಯುತ್ತಿದ್ದವರೂ ಕೈ ಇಳಿಸಿ ಸುಮ್ಮನೆ ನೋಡುತ್ತ ನಿಂತರು. ನಾನು ಕೈಮುಗಿದೆ. ಹೆದರಿಕೆಗೋ ಭಕ್ತಿಗೋ ನನಗೇ ತಿಳಿಯಲಿಲ್ಲ. ಅಷ್ಟು ದೊಡ್ಡದನ್ನು ನಾನು ನೋಡಿರಲಿಲ್ಲ ಪವಿತ್ರ, ಅಷ್ಟು ದೊಡ್ಡದರ ಮುಂದೆ ನಾನು ಎಷ್ಟು ಚಿಕ್ಕವಳು ಎಂಬುದನ್ನೂ ನೋಡಿರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ನೀರು ನಮ್ಮ ಬೀದಿಗೆ ಬಂತು. ನಗರಸಭೆಯವರು ಕಲ್ಯಾಣ ಮಂಟಪಕ್ಕೆ ಹೊರಡಿ ಎಂದು ಮೈಕಿನಲ್ಲಿ ಕೂಗಿಸಿದರು. ಅಂಗಡಿಯ ಸಾಮಾನನ್ನೆಲ್ಲ ಅಟ್ಟಕ್ಕೇರಿಸಿ ಆಗಿತ್ತು. ನಾನು ಮಾತ್ರ ಹಬ್ಬದ ಪಾದಪೂಜೆ ಮುಗಿಸದೆ ಏಳುವುದಿಲ್ಲ ಎಂದು ಹಟ ಹಿಡಿದೆ. ನಿಮ್ಮಪ್ಪ ಮಣೆಯ ಮೇಲೆ ಕೂತು ಬಾಗಿಲಾಚೆ ನೋಡಿ, ‘ನನ್ನ ಕಾಲು ತೊಳಿಯಾಕೆ ಒಳೆನೇ ಬತ್ತಾ ಅದೆ. ನಿನ್ನ ತಂಬಿಗೆ ಯಾತಕ್ಕೆ?’ ಎಂದರು. ನಾನು ನಕ್ಕುಬಿಟ್ಟೆ. ನಗುತ್ತಿದ್ದ ಹಾಗೆಯೇ ನೀರು ಮೇಲಿನ ಮೆಟ್ಟಿಲಿಗೆ ಬಂತು.

ನಿನಗೆ ನಿನ್ನ ಅಜ್ಜಿ ಹೇಳುತ್ತಿದ್ದುದು ನೆನಪಿರಬಹುದು. ಹೊಸ್ತಿಲಿಗೆ ಬಂದ ಹೊಳೆಯನ್ನು ಬೈಯಬಾರದು, ಅವಳು ಈ ಊರಿನ ಹೆಣ್ಣುಮಗಳು, ಮಡಿಲು ತುಂಬಿ ಕಳಿಸಬೇಕು ಎನ್ನುತ್ತಿದ್ದರು. ಅವರು ಹಾಗೆ ಮಾಡಿದ್ದನ್ನು ಮದುವೆಯಾಗಿ ಬಂದ ಹೊಸದರಲ್ಲಿ ನಾನು ನೋಡಿದ್ದೆ. ನಿಮ್ಮಪ್ಪ ಹೊರಗಿನಿಂದ ‘ಬಾ, ಬಾ’ ಎಂದು ಕೂಗುತ್ತಿದ್ದರೂ ನಾನು ಬೀರು ತೆಗೆದೆ. ಮನೆಯಲ್ಲಿ ಒಂದು ಮಡಿಲಕ್ಕಿಯ ಸಾಮಾನು ಇತ್ತು. ಹಸಿರು ರವಿಕೆ ಕಣ, ಬಳೆ, ಕೊಬ್ಬರಿ ಗಿಟುಕು, ಬೆಲ್ಲದ ಅಚ್ಚು, ಅಕ್ಕಿ. ಹೊಸ್ತಿಲ ಮೇಲೆ ಕೂತು ನೀರಿಗೆ ಅರಿಶಿನ ಕುಂಕುಮ ಬಿಟ್ಟು, ಕಣ ಹಾಸಿ, ಅದರ ಮೇಲೆ ಅಕ್ಕಿ ಸುರಿದೆ. ‘ತಾಯೀ, ಬಂದದ್ದು ಆಯ್ತು, ತಗೊಂಡು ನಿಧಾನಕ್ಕೆ ಹೋಗಮ್ಮ’ ಎಂದೆ. ಕಣ ಸ್ವಲ್ಪ ಹೊತ್ತು ನನ್ನ ಕೈಗೆ ತಾಗಿಕೊಂಡೇ ಇತ್ತು. ಆಮೇಲೆ ನಿಧಾನವಾಗಿ ಬಿಡಿಸಿಕೊಂಡು, ಲೈಟ್ ಕಂಬವನ್ನು ಒಂದು ಸುತ್ತು ಹಾಕಿ ಬೀದಿಯ ತಿರುವಿನಲ್ಲಿ ಮರೆಯಾಯಿತು.

ನೀರು ಹೊಸ್ತಿಲಿನಿಂದ ಒಳಗೆ ಒಂದು ಗೇಣು ಬಂದು ನಿಂತಿತು. ಮಾರನೆಯ ದಿನ ಇಳಿಯಿತು. ಅಣೆಕಟ್ಟಿನಲ್ಲಿ ಬಾಗಿಲು ಇಳಿಸಿದರು, ಅದಕ್ಕೇ ಇಳಿಯಿತು ಎಂದು ನಿಮ್ಮಪ್ಪ ಹೇಳುತ್ತಾರೆ. ನಿಜವೇ ಇರಬೇಕು. ನನ್ನ ಒಂದು ಸೇರು ಅಕ್ಕಿಗೆ ಅಷ್ಟು ನೀರು ಹಿಂದಕ್ಕೆ ಹೋಯಿತು ಎಂದು ಹೇಳುವಷ್ಟು ದಡ್ಡಿ ನಾನಲ್ಲ.

ಕಲ್ಯಾಣ ಮಂಟಪದಲ್ಲಿ ಅನ್ನ ಸಾರು ತಿನ್ನುತ್ತ ಕೂತಿದ್ದಾಗ ನಿಮ್ಮಪ್ಪ, ‘ನಿನ್ನ ಮಡ್ಲಕ್ಕಿ ಈಗ ಸುತ್ತೂರು ದಾಟಿರ್ತದೆ. ಆಮೇಕೆ ಸೀದಾ ನರಸೀಪುರ’ ಎಂದರು. ಅಷ್ಟು ವರ್ಷ ಅದೇ ರೂಟಿನಲ್ಲಿ ಬಸ್ಸು ಓಡಿಸಿದವರಲ್ಲವೇ, ಹೊಳೆಗೂ ಸ್ಟಾಪು ಹೇಳುತ್ತಾರೆ. ನಾನು ಮಾತ್ರ ತಟ್ಟೆ ಕೆಳಗಿಟ್ಟೆ. ನಮ್ಮ ಹೊಸ್ತಿಲು ಮುಟ್ಟಿದ ನೀರು ನೀನಿರುವ ಊರಿಗೆ ಹೋಗುತ್ತದೆ ಎಂಬುದು ನನಗೆ ಇಷ್ಟು ದಿನ ಹೊಳೆದೇ ಇರಲಿಲ್ಲ.

ಕೆಂಪಾಜಮ್ಮ ನಿನ್ನನ್ನು ಕೇಳುತ್ತಿರುತ್ತಾಳೆ. ನಂಜುಂಡೇಶ್ವರ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ. ಬಿಸಿಲಿನಲ್ಲಿ ಸ್ಕೂಲಿಗೆ ಹೋಗುವಾಗ ಕೊಡೆ ಮರೆಯಬೇಡ, ಹೊಳೆ ನೋಡಲು ದಡದ ತುದಿಗೆ ಹೋಗಬೇಡ.

ಇಂತಿ,
ನಿನ್ನ ಅಮ್ಮ
ರುದ್ರಮ್ಮ

ತಾ. ಕ.: ಆ ಹಸಿರು ಕಣ ನಿನ್ನದು. ಹೋದ ಗೌರಿಗೆ ನಿನ್ನನ್ನು ಮಣೆಯ ಮೇಲೆ ಕೂರಿಸಿ ಮಡಿಲು ತುಂಬಲು ಅಕ್ಕಿ ಎತ್ತಿದ್ದೆ. ಕೆಂಪಾಜಮ್ಮ, ‘ಮುಂದಿನ ಗೌರಿಗೆ ಈ ಮಡ್ಲಲ್ಲಿ ಮಗ ಇರ್ಲಿ ಕಣವ್ವ’ ಎಂದಳು. ನೀನು ಎದ್ದುಬಿಟ್ಟೆ. ‘ಈ ಬಿಸಿಲ ಬೆಂಕಿಗೆ ನಾನೊಂದು ಮಗು ತರಲ್ಲಮ್ಮ’ ಎಂದು ಸೆರಗು ಕೊಡವಿಕೊಂಡು ಬಸ್ಸಿಗೆ ಹೊರಟೆ. ಅಕ್ಕಿ ನನ್ನ ಬೊಗಸೆಯಲ್ಲೇ ಉಳಿಯಿತು. ಇಷ್ಟು ದಿನವೂ ಆ ಕಣವನ್ನು ಬೀರುವಿನಲ್ಲಿ ಹಾಗೇ ಇಟ್ಟಿದ್ದೆ. ಆ ನೀರನ್ನು ನೋಡಿದ ಮೇಲೆ ನೀನು ಹೆದರಿದ್ದು ತಪ್ಪು ಎನ್ನಲು ನನಗೆ ಬಾಯಿಲ್ಲ. ಮಗು ನಿನ್ನ ವಿಚಾರ, ನಾನು ಕೇಳುವುದಿಲ್ಲ. ಆದರೆ ಮನೆ ಮುಳುಗಿಸಲು ಬಂದವಳನ್ನು ಮಡಿಲು ತುಂಬಿ ಕಳಿಸಿದೆ, ಹೆತ್ತ ಮಗಳು ಬರಿ ಮಡಿಲಲ್ಲಿ ಹೋದಳು. ಇದು ನನ್ನನ್ನು ಸುಡುತ್ತಿದೆ. ಮತ್ತೆ ಗೌರಿ ಬರುತ್ತಿದ್ದಾಳೆ. ಹೊಸ ಕಣ ತಂದಿದ್ದೇನೆ. ಈ ಸಲ ಯಾರನ್ನೂ ಕರೆಯುವುದಿಲ್ಲ, ಯಾರೂ ಏನೂ ಹರಸುವುದಿಲ್ಲ, ನಾನೂ ಇಲ್ಲ. ಸುಮ್ಮನೆ ಅಕ್ಕಿ ಹಾಕುತ್ತೇನೆ. ನೀನು ಬಂದು ಸೆರಗು ಒಡ್ಡು, ಸಾಕು.