ಎಲ್ಲರೂ ರೂಮಿನಲ್ಲಿದ್ದಾರೆ

ನವೆಂಬರ್ 6
ವೆಬ್ ಪೇಜಿನ ಟೇಬಲ್ ಮತ್ತೆ ಕೈಕೊಟ್ಟಿತು. ಮೊಬೈಲಿನಲ್ಲಿ ತೆರೆದರೆ ಎರಡನೇ ಕಾಲಮ್ ಮಾಯ. ಸ್ಕ್ಯಾನ್ ಫೈಲ್ ಸರಿಯಾಗಿಯೇ ಬರುತ್ತಿದೆ — ಹಾಸ್ಟೆಲ್ ವೈಫೈಗೆ ಸೇರಿದ ಪ್ರತಿಯೊಂದು ಫೋನು, ಅದರ ನಂಬರು, ಆನ್ ಇದೆಯೋ ಇಲ್ಲವೋ. ಅದನ್ನು ಮನುಷ್ಯರು ಓದುವ ಹಾಗೆ ವೆಬ್ ಪೇಜಿನಲ್ಲಿ ತೋರಿಸುವುದು ನನ್ನ ಕರ್ಮ. ಫಸ್ಟ್ ಇಯರಿನಲ್ಲಿ ಪ್ರಾಜೆಕ್ಟ್ ಸಿಕ್ಕಿದ್ದು ನನಗೊಬ್ಬಳಿಗೇ. ಲ್ಯಾಬ್ ಸರ್ ತಪ್ಪಿ ಕೊಟ್ಟರೇನೋ...

ರೂಮಿನಲ್ಲಿ ನಾವಿಬ್ಬರೇ, ನಾನು ಮತ್ತು ಪಿಟೀಲು. ಅವಳಿಗೆ ಅಸ್ತಮಾ. ಮಲಗಿದರೆ ಎದೆ ಕುಯ್ಯೆನ್ನುತ್ತದೆ. ಹೆಸರು ಇಟ್ಟುಕೊಂಡದ್ದು ಅವಳೇ. ನನಗೆ ಇಟ್ಟದ್ದು ಅಜ್ಜಿ.

"ಏ ಅಜ್ಜಿ, ಆ ಲ್ಯಾಪ್‌ಟಾಪ್ ಏನ್ ನಿನ್ನ ಗಂಡನಾ? ಬಿಡೇ ಅದನ್ನ. ಊಟಕ್ಕೆ ಬಾ."

ನವೆಂಬರ್ 9
ಸರ್ ನೋಡಿದರು. "ಇದೇನಮ್ಮಾ, ಬರೀ ನಂಬರು! ನಿಮ್ಮ ವಾರ್ಡನ್‌ಗೆ ಏನ್ ಅರ್ಥ ಆಗತ್ತೆ? ಹೆಸರು ಹಾಕು, ರೂಮ್ ಹಾಕು."

ವೈಫೈಗೆ ಫೋನ್ ರಿಜಿಸ್ಟರ್ ಮಾಡಿಸುವಾಗ ಎಲ್ಲರೂ ಹೆಸರು ಕೊಟ್ಟಿದ್ದೇವೆ. ಜೋಡಿಸಿದೆ. ಫೋನ್ ವೈಫೈಯಲ್ಲಿ ಇದ್ದರೆ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು. ಎಲ್ಲ ಹಸಿರಾದರೆ ಮೇಲೆ ದೊಡ್ಡಕ್ಷರದಲ್ಲಿ — ಎಲ್ಲರೂ ರೂಮಿನಲ್ಲಿದ್ದಾರೆ.

ಚೆನ್ನಾಗಿ ಕಾಣುತ್ತದೆ. ಆದರೆ ಅದು ಫೋನು, ಮನುಷ್ಯರಲ್ಲ. ಡೆಮೊದಲ್ಲಿ ಹೇಳಬೇಕು. ಮರೆಯಬಾರದು.

ನವೆಂಬರ್ 10, ಸಂಜೆ
ಹೇಳಲಿಲ್ಲ.

ವಾರ್ಡನ್ ಆಂಟಿ ಸ್ಕ್ರೀನಿಗೆ ಮೂಗು ತಾಗಿಸಿ ಕೂತರು. "ಅಯ್ಯೋ ನನ್ ಬಂಗಾರ! ದಿನಾ ಸಂಜೆ ಮೂರು ಮಹಡಿ ಹತ್ತಿ ಹೆಸರು ಕೂಗಿ ಕೂಗಿ ಮೊಣಕಾಲು ಸತ್ತೇ ಹೋಗಿದೆ. ಇನ್ಮೇಲೆ ಕೂತಲ್ಲೇ ಹಾಜರಿ!" ಸರ್ ನಕ್ಕರು. ಶಹಬ್ಬಾಸ್ ಅಂದರು. ನಾನು "ಆದ್ರೆ ಆಂಟಿ..." ಅಂದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಅನ್ನಲಿಲ್ಲ.

ನವೆಂಬರ್ 19
ಎಲ್ಲರಿಗೂ ಟ್ರಿಕ್ ಗೊತ್ತಾಗಿಬಿಟ್ಟಿದೆ. ಪಿಟೀಲು ಫೋನನ್ನು ದಿಂಬಿನ ಮೇಲೆ ಮಲಗಿಸಿ ದುಪಟ್ಟಾ ಹೊದಿಸಿದಳು. "ಮಲಕ್ಕೋ ಕಂದಾ. ಆಂಟಿ ಕೇಳಿದ್ರೆ ನೀನೇ ನಾನು." ಟೆರೇಸಿಗೆ ಹೊರಟಳು. ಅಲ್ಲಿ ವೈಫೈ ಸಿಗುವುದಿಲ್ಲ, ಉಸಿರು ಮಾತ್ರ ಸಲೀಸಂತೆ. ಮೊದಲಾದರೆ ಹಾಜರಿಗೆ ಇಳಿದು ಬರಲೇಬೇಕಿತ್ತು. ತಲೆ ಎಣಿಸಿದ ಮೇಲೆಯೇ ಟೆರೇಸಿಗೆ ಬೀಗ.

"ಇನ್ಹೇಲರ್ ತಗೊಂಡ್ ಹೋಗೇ."

"ಐದ್ ನಿಮಿಷಕ್ಕೆ ಏನಾಗತ್ತೆ ಅಜ್ಜಿ? ನೀನು ಹುಟ್ಟುವಾಗಲೂ ಹೆದರಿಕೊಂಡೇ ಬಂದಿರ್ಬೇಕು."

ಆಂಟಿಗೆ ಹೇಳಬೇಕು. ಹೇಳಿದರೆ ಇಡೀ ಫ್ಲೋರ್ ನನ್ನನ್ನು ಹರಿದು ತಿನ್ನುತ್ತದೆ. ಪ್ರಾಜೆಕ್ಟೂ ಮೂಲೆಗೆ. ಸರ್ ಇದನ್ನು ಬೇರೆ ಕಾಲೇಜಿನ ಸ್ಪರ್ಧೆಗೆ ಕಳಿಸಿದ್ದಾರೆ. ಅದು ಮುಗಿಯಲಿ, ಆಮೇಲೆ...

ನವೆಂಬರ್ 24, ಸಂಜೆ ಏಳೂವರೆ
ಬೇರೆ ಕಾಲೇಜಿನ ಗೆಸ್ಟ್ ರೂಮು. ನಾಳೆ ಸ್ಪರ್ಧೆ. ಹಾಳು ಚಳಿ, ಗಾಳಿ ಬೇರೆ. ಪಿಟೀಲಿಗೆ ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಮಾಡಿದೆ. ಎತ್ತಲಿಲ್ಲ. ಪೇಜ್ ತೆರೆದೆ — ರಜೆ ಬರೆಸಿ ಬಂದದ್ದರಿಂದ ನನ್ನ ಹೆಸರು ಪಟ್ಟಿಯಲ್ಲಿಲ್ಲ, ಉಳಿದದ್ದೆಲ್ಲ ಹಸಿರು. ಎಲ್ಲರೂ ರೂಮಿನಲ್ಲಿದ್ದಾರೆ. ಅಬ್ಬ. ಕತ್ತೆ, ಸೈಲೆಂಟಿನಲ್ಲಿಟ್ಟು ಬಿದ್ದುಕೊಂಡಿರಬೇಕು.

ನವೆಂಬರ್ 29
ಬರೆಯಲು ಆಗಿರಲಿಲ್ಲ.

ಆವತ್ತು ಸಂಜೆ ಆಂಟಿ ಕೆಳಗೇ ಕೂತು ಸ್ಕ್ರೀನ್ ನೋಡಿದರು. ಎಲ್ಲ ಹಸಿರು. ವಾಚ್‌ಮನ್‌ಗೆ ಬೀಗದ ಕೈ ಕೊಟ್ಟರು. ಅವನು ಟೆರೇಸ್ ಬಾಗಿಲು ಹಾಕಿದ. ಪಿಟೀಲು ನೀರಿನ ಟ್ಯಾಂಕಿನ ಆಚೆ ಕೂತಿದ್ದಳಂತೆ. ಕಬ್ಬಿಣದ ಬಾಗಿಲು ಬಡಿದು ಬಡಿದು ಕೈ ಬಾತಿದೆ. ಕೂಗಲು ಉಸಿರು ಬೇಕಲ್ಲ. ಬೆಳಿಗ್ಗೆ ಟ್ಯಾಂಕ್ ನೋಡಲು ಹೋದ ಪ್ಲಂಬರ್ ಕಂಡ. ಐಸಿಯು. ಕಣ್ಣು ಬಿಟ್ಟಿಲ್ಲ. ಉಸಿರು ಮೆಷಿನ್ನಿನದು.

ಟ್ರಿಕ್ ನನಗೆ ಗೊತ್ತಿತ್ತು. ಗೊತ್ತಿದ್ದೂ ಹಸಿರು ಕಂಡೊಡನೆ ನಂಬಿದೆ. ನಾನೇ ಮಾಡಿದ್ದು, ನಾನೇ ನಂಬಿದೆ. ಪ್ರೈಜ್ ಬಂದಿದೆ. ಬ್ಯಾಗಿನಿಂದ ತೆಗೆದಿಲ್ಲ.

ನವೆಂಬರ್ 30
ಆಂಟಿ ಆಫೀಸಿನಲ್ಲಿ ಅಳುತ್ತಿದ್ದರು. "ಎಲ್ಲರೂ ಇದ್ದಾರೆ ಅಂತ ಬರ್ದಿತ್ತಲ್ಲ ಕಣೇ. ನೀನೇ ಅಲ್ವಾ ಬರ್ದಿದ್ದು?" ಬೈದದ್ದಲ್ಲ. ನಿಜವಾಗಿಯೂ ಕೇಳಿದರು.

ಸರ್ ಪಕ್ಕಕ್ಕೆ ಕರೆದರು. "ಅದು ಬರೀ ಪ್ರೋಟೋಟೈಪ್, ಟ್ರಯಲ್‌ಗೆ ಮಾಡಿದ್ದು. ಯಾರಾದ್ರೂ ಕೇಳಿದ್ರೆ ಅಷ್ಟೇ ಹೇಳು. ಹೆಚ್ಚು ಬಾಯಿ ಬಿಡ್ಬೇಡ." ತಲೆಯಾಡಿಸಿದೆ. ನನಗೆ ಬರುವುದು ಅದೊಂದೇ.

ಡಿಸೆಂಬರ್ 2
ಆಸ್ಪತ್ರೆ. ಅವಳ ಅಮ್ಮ ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು. "ಊಟ ಮಾಡಿದ್ಯಾ ಪುಟ್ಟಾ?" ಮಡಿಲಲ್ಲಿ ಅವಳ ಫೋನು.

"ಇದ್ರಲ್ಲಿ ನಿನ್ನ ಮಿಸ್ಡ್ ಕಾಲ್ ಇದೆ ನೋಡು. ಆ ಹೊತ್ತಿಗೆ ಯಾರಾದ್ರೂ ಮೇಲೆ ಹೋಗಿದ್ರೂ ಸಾಕಿತ್ತಂತೆ, ಡಾಕ್ಟರ್ ಅಂದ್ರು. ಅವಳು ಎತ್ತಲಿಲ್ಲ ಅಂತ ಯಾರಿಗಾದ್ರೂ ಒಂದ್ ಮಾತು ಹೇಳೋಣ ಅನ್ನಿಸ್ಲಿಲ್ವಾ ಪುಟ್ಟಾ? ಸುಮ್ನೆ ಕೇಳ್ದೆ. ತಪ್ಪು ತಿಳ್ಕೋಬೇಡ."

ಅಷ್ಟರಲ್ಲಿ ನರ್ಸ್ ಅವರನ್ನು ಒಳಗೆ ಕರೆದಳು. ಬಚಾವಾದೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನನ್ನ ಮೇಲೇ ಹೇಸಿಗೆ.

ಡಿಸೆಂಬರ್ 3, ಬೆಳಿಗ್ಗೆ
ಇವತ್ತು ಹೇಳಿಬಿಡುತ್ತೇನೆ. ಎದುರಿಗೆ ನಿಂತರೆ ನಾಲಿಗೆ ಏಳುವುದಿಲ್ಲ. ಅದಕ್ಕೇ ಇಲ್ಲಿ ಬರೆದುಕೊಂಡು ಬಾಯಿಪಾಠ. ಪ್ರೋಟೋಟೈಪ್ ಅನ್ನುವ ಪದ ಬೇಡ. ಸಾರಿ ಕೂಡ ಮೊದಲಿಗೆ ಬೇಡ.

ಅಮ್ಮಾ, ಅವಳು ಫೋನ್ ಬಿಟ್ಟು ಮೇಲೆ ಹೋಗ್ತಾಳೆ ಅಂತ ನನಗೆ ಗೊತ್ತಿತ್ತು. ಆವತ್ತು ಅವಳು ಎತ್ತದೇ ಇದ್ದಾಗ ನಾನು

ಆಂಟಿ ಬಾಗಿಲಲ್ಲಿ ನಿಂತಿದ್ದಾರೆ. ಕಾಲಲ್ಲಿ ಚಪ್ಪಲಿ ಇಲ್ಲ. "ಆಸ್ಪತ್ರೆಯಿಂದ ಫೋನ್ ಬಂತು ಕಣೇ, ಉಸಿರು ನಿಂತ್ ಹೋಯ್ತಂತೆ —"