ಚೀಟಿಯಲ್ಲಿ ಇಲ್ಲದ ಗಂಟು

ಬಸವೇಶ್ವರನಗರ
೧೯ ನವೆಂಬರ್ ೨೦೨೫

ಪ್ರೀತಿಯ ರಾಗಿಣಿಗೆ ಅಮ್ಮನ ಆಶೀರ್ವಾದ.

ಕೊರಿಯರ್‌ನಲ್ಲಿ ಅಮ್ಮನ ಕಾಗದ ಬಂತೆಂದು ಗಾಬರಿಯಾಗಬೇಡ. ಫೋನಿನಲ್ಲಿ ಹೇಳೋಣವೆಂದು ಭಾನುವಾರದಿಂದ ಪ್ರಯತ್ನಿಸಿದೆ. ಪ್ರತಿ ಸಲವೂ ಊಟ ಆಯ್ತಾ, ಮೈಸೂರಲ್ಲಿ ಚಳಿ ಶುರುವಾಯ್ತಾ ಎಂದು ಕೇಳಿ ಇಟ್ಟುಬಿಟ್ಟೆ. ಪಕ್ಕದಲ್ಲಿ ನಿನ್ನ ಅಪ್ಪ ಕೂತಿರುತ್ತಾರೆ. ನನ್ನ ದನಿ ಒಡೆದರೆ ಅವರು ತಡೆದುಕೊಳ್ಳುವುದಿಲ್ಲ. ಒಂದು ಬೇಡಿಕೆ: ಡಾಕ್ಟರುಗಳ ಅಭ್ಯಾಸದಂತೆ ಕೊನೆಯ ಪುಟಕ್ಕೆ ಹಾರಬೇಡ, ಮೊದಲಿನಿಂದ ಓದು.

ಈ ವರ್ಷದ ಬೇಸಿಗೆಯಿಂದ ನಾನು ಬ್ಯಾಡರಹಳ್ಳಿ ಕಡೆಯ ಮೆಡಿಕಲ್ ಕಾಲೇಜಿಗೆ ಹೋಗುತ್ತಿದ್ದೇನೆ. ಹೌದು, ಮೈಸೂರಿಗೆ ಹೋಗುವ ಮೊದಲು ನೀನು ಪಾಠ ಮಾಡುತ್ತಿದ್ದ ಅದೇ ಕಾಲೇಜು. ವಿದ್ಯಾರ್ಥಿಗಳು ನಿಜವಾದ ರೋಗಿಯನ್ನು ಮುಟ್ಟುವ ಮುಂಚೆ ಅಭ್ಯಾಸ ಮಾಡಲೆಂದು ಅಲ್ಲಿ ನಮ್ಮಂಥವರನ್ನು ರೋಗಿಗಳ ವೇಷದಲ್ಲಿ ಕೂರಿಸುತ್ತಾರೆ. ಪಕ್ಕದ ಮನೆಯ ಚೇತನಾ ಸುದ್ದಿ ತಂದಳು, ನಾನು ಸೇರಿಕೊಂಡೆ. ನಿವೃತ್ತಿಯಾದ ಮೇಲೆ ತರಗತಿಯ ವಾಸನೆ ಬೇಕೆನಿಸಿತ್ತು ಕಣೇ. ನಾನು ನಿನ್ನ ತಾಯಿ ಎಂದು ಅಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಕುರ್ಚಿ ಹಾಕಿ ಕಾಫಿ ಕೊಡುತ್ತಾರೆ, ಪಾಠ ನಡೆಯುವುದಿಲ್ಲ.

ನನ್ನ ಪಾತ್ರದ ಹೆಸರು ಬಸವ್ವ. ಸುಸ್ತು ಎಂದು ಆಸ್ಪತ್ರೆಗೆ ಬಂದವಳು. ಏನು ಕೇಳಿದರೆ ಏನು ಹೇಳಬೇಕೆಂದು ಮೊದಲೇ ಚೀಟಿ ಕೊಟ್ಟಿರುತ್ತಾರೆ. ರಕ್ತ ಕಡಿಮೆ, ಕುತ್ತಿಗೆ ಹೊಟ್ಟೆ ಎಲ್ಲ ಸರಿಯಾಗಿದೆ ಎಂದು ಬಸವ್ವನ ಚೀಟಿಯಲ್ಲಿತ್ತು. ಮಾತಾಡಿಸುವುದನ್ನು, ಮುಟ್ಟುವ ಮೊದಲು ಅನುಮತಿ ಕೇಳುವುದನ್ನು ಮಕ್ಕಳು ಕಲಿಯಬೇಕು. ಮೂಲೆಯಲ್ಲಿ ಒಬ್ಬ ಅಧ್ಯಾಪಕರು ಕೂತು ಅಂಕ ಹಾಕುತ್ತಾರೆ.

ಕಳೆದ ತಿಂಗಳು ಚನ್ನವೀರೇಶ್ ಎಂಬ ಹುಡುಗ ಬಂದ. ಕೊನೆಯ ವರ್ಷದವನು, ರಾಣೆಬೆನ್ನೂರು ಕಡೆಯವನು. ಅವತ್ತು ಅಂಕ ಹಾಕಲು ಕೂತವರು ಸರ್ಜರಿಯ ಮುಖ್ಯಸ್ಥ ಏಕಾಂತಯ್ಯನವರು. ಹುಡುಗ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ನನ್ನ ಹಿಂದೆ ನಿಂತು ಕುತ್ತಿಗೆ ಮುಟ್ಟಿ ನೋಡಿದ. ಬೆರಳು ಒಂದು ಕಡೆ ನಿಂತಿತು. ನೀರು ನುಂಗಲು ಹೇಳಿದ. ಮತ್ತೆ ಅದೇ ಜಾಗಕ್ಕೆ ಬಂದ. ಪರೀಕ್ಷೆಯ ಅಂಜಿಕೆ, ಪಾಪ ಎಂದುಕೊಂಡೆ. ಏಕಾಂತಯ್ಯನವರು "ಏನಪ್ಪಾ, ಏನ್ ಸಿಕ್ತು?" ಎಂದು ಕೇಳಿದರು. ಅವನು ಕೈ ಹಿಂದಕ್ಕೆ ಎಳೆದುಕೊಂಡು "ನಾರ್ಮಲ್ ಸಾರ್" ಎಂದ. ಅವರು ತಲೆಯಾಡಿಸಿ ಬರೆದುಕೊಂಡರು.

ಮಧ್ಯಾಹ್ನ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಅವನು ಓಡುತ್ತ ಬಂದ. "ಆಂಟಿ, ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮ ಕೊರಳಾಗ ಏನೋ ಗಂಟಿನಂಗ ಕೈಗೆ ಹತ್ತಿತು. ಭ್ರಮಿ ಇರಬಹುದು. ಆದ್ರೂ ಒಮ್ಮೆ ತೋರಿಸ್ಕೊಳ್ರಿ" ಎಂದ. ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. "ಒಳಗೆ ಸಾರ್ ಕೇಳ್ದಾಗ ಯಾಕೆ ಹೇಳ್ಲಿಲ್ಲ ಮರಿ?" ಎಂದೆ.

ಅವನು ನೆಲ ನೋಡುತ್ತ ಹೇಳಿದ. ಮೊದಲ ಸಲ ವಾರ್ಡಿಗೆ ಹೋದ ವರ್ಷ ಒಬ್ಬ ರೋಗಿಯ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದಿದ್ದನಂತೆ. ಪಾಠ ಮಾಡುತ್ತಿದ್ದ ಮೇಡಂ ತಾವೇ ಮುಟ್ಟಿ ನೋಡಿದರಂತೆ, ಏನೂ ಇರಲಿಲ್ಲ. "ಊರಲ್ಲಿ ಎತ್ತಿನ ಹೊಟ್ಟೆ ಮುಟ್ಟಿ ಕಲ್ತಿದೀಯೇನೋ?" ಎಂದರಂತೆ. ಇಡೀ ಬ್ಯಾಚು ನಕ್ಕಿತು. ಮಂಚದ ಮೇಲಿದ್ದ ರೋಗಿಯೂ ನಕ್ಕ. ಅವತ್ತಿನಿಂದ ಸಂಶಯ ಬಂದರೆ ಬಾಯಿಗೆ ಬರುವುದು ಒಂದೇ ಮಾತಂತೆ, ನಾರ್ಮಲ್. "ನನ್ನ ಹೆಸರು ಹೇಳಬ್ಯಾಡ್ರಿ ಆಂಟಿ, ಪರೀಕ್ಷೆ ಹತ್ರ ಐತಿ" ಎಂದು ಕೈ ಮುಗಿದ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಬಸ್ಸಿನಲ್ಲಿ ಸೆರಗಿನೊಳಗೆ ಕೈಯಿಟ್ಟು ಕುತ್ತಿಗೆ ಒತ್ತಿಕೊಳ್ಳುತ್ತಲೇ ಇದ್ದೆ. ಒಮ್ಮೆ ಇದೆ ಅನ್ನಿಸುವುದು, ಒಮ್ಮೆ ಇಲ್ಲ. ಸುಂಕದಕಟ್ಟೆ ಯಾವಾಗ ಹೋಯಿತೋ ತಿಳಿಯಲಿಲ್ಲ. ಇಳಿಯಬೇಕಾದ ಸ್ಟಾಪು ದಾಟಿ ಟೋಲ್‌ಗೇಟ್ ತನಕ ಹೋಗಿಬಿಟ್ಟಿದ್ದೆ.

ಮರುದಿನವೇ ಏಕಾಂತಯ್ಯನವರ ಹೊರರೋಗಿ ಕೋಣೆಗೆ ಹೋದೆ. ಗೋಡೆಯುದ್ದಕ್ಕೂ ವಿದ್ಯಾರ್ಥಿಗಳು ನಿಂತಿದ್ದರು, ಅವರಲ್ಲಿ ಚನ್ನವೀರೇಶನೂ ಇದ್ದ. ಕುತ್ತಿಗೆಯಲ್ಲಿ ಗಂಟಿದೆಯೇನೋ ನೋಡಿ ಎಂದೆ. "ನಿನ್ನೆ ತಾನೆ ನಾರ್ಮಲ್ ಅಂತ ಬರ್ಕೊಂಡಿದೀನಲ್ಲಮ್ಮಾ, ಯಾರ್ ಹೇಳಿದ್ದು ನಿಮಗೆ?" ಎಂದರು. ಸುಳ್ಳು ಹೇಳಲೋ, ಕೊಟ್ಟ ಮಾತು ಮುರಿಯಲೋ ತಿಳಿಯದೆ ಸೆರಗು ಸರಿಮಾಡಿಕೊಂಡೆ. ಅಷ್ಟರಲ್ಲಿ ಗೋಡೆಯ ಕಡೆಯಿಂದ "ನಾನೇ ಸಾರ್" ಎಂಬ ದನಿ ಬಂತು.

ಅವರ ಮುಖ ಕೆಂಪಾಯಿತು. "ನನ್ನೆದುರು ನಾರ್ಮಲ್ ಅಂದು, ಹೊರಗೆ ಹೋಗಿ ಪೇಷಂಟ್‌ಗೆ ಬೇರೆ ಹೇಳ್ತೀಯೇನೋ?" ಎಂದು ಎದ್ದೇಬಿಟ್ಟರು. ನನಗೆಲ್ಲಿಂದ ಧೈರ್ಯ ಬಂತೋ! "ಸಾರ್, ಈಗ ಇವನನ್ನ ಬೈದ್ರೆ ಇಲ್ಲಿ ನಿಂತಿರೋ ಯಾರೂ ಇನ್ನು ಬಾಯಿ ಬಿಡಲ್ಲ. ನಾಳೆ ಮಲಗಿರೋಳು ಬಸವ್ವನ ವೇಷದೋಳಲ್ಲ, ನಿಜವಾದ ಬಸವ್ವ ಆಗಿರ್ತಾಳೆ" ಎಂದುಬಿಟ್ಟೆ. ಹೇಳಿದ ಮೇಲೆ ಹತ್ತಿರದ ಸ್ಟೂಲು ಹುಡುಕಿ ಕೂತೆ.

ಅವರು ಕೈಯಲ್ಲಿದ್ದ ಪೆನ್ನು ಮೇಜಿನ ಮೇಲಿಟ್ಟರು. ಆಮೇಲೆ ನನ್ನ ಹಿಂದೆ ಬಂದು ಕುತ್ತಿಗೆ ಮುಟ್ಟಿದರು. ನೀರು ನುಂಗಿಸಿದರು. ಮತ್ತೆ ಮುಟ್ಟಿದರು. "ನಂಗೆ ಸಿಗ್ತಾ ಇಲ್ಲ" ಎಂದರು, ಎಲ್ಲರಿಗೂ ಕೇಳುವಂತೆ. "ಬಾರಪ್ಪ, ಎಲ್ಲಿ ಅಂತ ತೋರ್ಸು." ಚನ್ನವೀರೇಶ ಬಂದು ನನ್ನ ಅನುಮತಿ ಕೇಳಿ, ಮೇಷ್ಟ್ರ ಬೆರಳನ್ನು ಹಿಡಿದು ಎಡಗಡೆ ಕೆಳಗೆ ಇಟ್ಟ. ನಾನು ನುಂಗಿದೆ. ಏಕಾಂತಯ್ಯನವರ ಬೆರಳು ಅಲ್ಲೇ ನಿಂತಿತು. "ಇರಬಹುದು. ನಂಗೂ ಖಚಿತ ಇಲ್ಲ. ಸ್ಕ್ಯಾನ್ ಮಾಡ್ಸೋಣ" ಎಂದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಕೋಣೆಯಲ್ಲಿ ಖಚಿತ ಇಲ್ಲ ಎಂಬ ಮಾತನ್ನು ಅವರು ಮೊದಲ ಸಲ ಕೇಳಿದ್ದಿರಬೇಕು.

ಸ್ಕ್ಯಾನಿನಲ್ಲಿ ಗಂಟು ಕಂಡಿತು. ಸೂಜಿ ಹಾಕಿ ಅದರಿಂದ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಿದರು. ಆ ದಿನಗಳನ್ನು ಹೇಗೆ ಕಳೆದೆನೋ! ಹಾಲು ಉಕ್ಕಿಸಿದೆ, ದೀಪಕ್ಕೆ ಎಣ್ಣೆ ಹಾಕದೆ ಬತ್ತಿ ಹಚ್ಚಿದೆ. ನಿನ್ನ ಅಪ್ಪ ಸೇತುರಾಮ ಮಹಾಶಯರು ಕನ್ನಡಿ ಮುಂದೆ ನಿಂತು ತಮ್ಮ ಕುತ್ತಿಗೆ ತಡವಿಕೊಳ್ಳಲು ಶುರುಮಾಡಿದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಶನಿವಾರ ವರದಿ ಬಂತು.

ಕ್ಯಾನ್ಸರ್ ಅಂತೆ ಕಣೇ. ಥೈರಾಯ್ಡಿನದು, ನಿಧಾನವಾಗಿ ಬೆಳೆಯುವ ಜಾತಿಯದು, ಆಚೆ ಹರಡಿದಂತೆ ಕಾಣುತ್ತಿಲ್ಲ ಎಂದರು. ಇಷ್ಟು ಬೇಗ ಸಿಕ್ಕಿದ್ದು ಒಳ್ಳೆಯದಾಯಿತು, ಆಪರೇಷನ್ ಮಾಡಿದರೆ ಬಹುತೇಕ ಗುಣವಾಗುತ್ತದೆ ಎಂದು ಏಕಾಂತಯ್ಯನವರು ಎದುರು ಕೂತು ನಿಧಾನವಾಗಿ ಹೇಳಿದರು. ಬರುವ ಬುಧವಾರ ಬೆಳಿಗ್ಗೆ ಆಪರೇಷನ್. ದನಿಯ ನರ ಅಲ್ಲೇ ಹತ್ತಿರದಲ್ಲಿ ಹಾದುಹೋಗುತ್ತದಂತೆ, ಜೋಪಾನ ಮಾಡುತ್ತಾರಂತೆ. ನನಗೆ ಸಾಯುವ ಭಯಕ್ಕಿಂತ ದನಿ ಹೋಗುವ ಭಯವೇ ಹೆಚ್ಚಾಗಿದೆ. ನಗಬೇಡ. ಸ್ನಾನದ ಮನೆಯಲ್ಲಿ ನಲ್ಲಿ ತಿರುಗಿಸಿಕೊಂಡು ಹಾಡಿ ನೋಡಿಕೊಳ್ಳುತ್ತೇನೆ.

ಏಕಾಂತಯ್ಯನವರು ಒಂದೇ ದಿನದಲ್ಲಿ ಬದಲಾದರು ಎಂದರೆ ನೀನು ನಂಬುವುದಿಲ್ಲ, ಬದಲಾಗಿಲ್ಲ ಕೂಡ. ಮೊನ್ನೆ ಒಬ್ಬ ಹುಡುಗಿಯ ಮೇಲೆ ಕೂಗಲು ಬಾಯಿ ತೆರೆದು, ಅರ್ಧಕ್ಕೆ ನಿಲ್ಲಿಸಿ ಕಿಟಕಿಯ ಕಡೆ ತಿರುಗಿದರು. ಆದರೆ ಒಂದು ಪದ್ಧತಿ ತಂದಿದ್ದಾರೆ. ರೋಗಿಯನ್ನು ನೋಡಿದ ಮೇಲೆ ಪ್ರತಿ ವಿದ್ಯಾರ್ಥಿಯೂ ತನಗೆ ಯಾವುದು ಖಚಿತವಿಲ್ಲ ಎಂದು ಹೇಳಲೇಬೇಕು. ಅದಕ್ಕೆ ಯಾರೂ ನಗುವಂತಿಲ್ಲ, ಅಂಕವೂ ಕಡಿಮೆಯಾಗುವುದಿಲ್ಲ. ವಿದ್ಯಾರ್ಥಿಗಳ ಸಂಶಯಗಳಲ್ಲಿ ಹೆಚ್ಚಿನವು ತಪ್ಪೇ ಆಗಿರುತ್ತವಂತೆ. ಆದರೂ ಈಗ ಮಕ್ಕಳು ರೋಗಿಯನ್ನು ಎರಡನೇ ಸಲ ಮುಟ್ಟಿ ನೋಡುತ್ತಾರೆ ಎಂದರು.

ನೀನು ಮಂಗಳವಾರ ಸಂಜೆಯೊಳಗೆ ಬಾ. ಅಪ್ಪನಿಗೆ ಜೊತೆ ಬೇಕು. ನನಗೂ ಬೇಕು ಎಂದು ಬರೆಯಲು ಇಷ್ಟು ಪುಟ ಹಿಡಿಯಿತು.

ನಿನ್ನ ಹಾದಿ ನೋಡುತ್ತಿರುವ
ಅಮ್ಮ,
ಅನಂತಲಕ್ಷ್ಮಿ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಹೊಟ್ಟೆಯ ಗಡ್ಡೆಯ ವಿಷಯದಲ್ಲಿ ಅವನನ್ನು ಹಂಗಿಸಿದ ಆ ಮೇಡಂ ಯಾರೆಂದು ಬಸ್ ಸ್ಟಾಪಿನಲ್ಲೇ ಕೇಳಿದ್ದೆ. "ರಾಗಿಣಿ ಮೇಡಂ ಅಂತ ಇದ್ರು ಆಂಟಿ, ಹೋದ ವರ್ಷ ಮೈಸೂರಿಗೆ ಹೋದ್ರು. ಪಾಠ ಮಾತ್ರ ಭಾಳ ಚಲೋ ಮಾಡ್ತಿದ್ರು" ಎಂದ. ನಾನು ಯಾರೆಂದು ಅವನಿಗೆ ಇವತ್ತಿಗೂ ಹೇಳಿಲ್ಲ. ಆಪರೇಷನ್ ದಿನ ಅವನೂ ಥಿಯೇಟರಿನೊಳಗೆ ಇರುತ್ತಾನೆ. ಮುಗಿದ ಮೇಲೆ ಮನೆಯವರಿಗೆ ಸುದ್ದಿ ಹೇಳುವುದನ್ನೂ ಕಲಿಯಲಿ ಎಂದು ಏಕಾಂತಯ್ಯನವರು ಅವನನ್ನೇ ಹೊರಗೆ ಕಳಿಸುತ್ತಾರಂತೆ. ಬಾಗಿಲು ತೆಗೆದಾಗ ಅವನಿಗೆ ಕಾಣುವುದು ಬೆಂಚಿನ ಮೇಲಿರುವ ನೀನು. ಹೆದರಿ ಮಾತು ತಡವರಿಸಿದರೆ, ನೀನೇ ಎದ್ದು ಅವನ ಹತ್ತಿರ ಹೋಗು ಪುಟ್ಟಿ.